ಸಂಕ್ರಾಂತಿ ಕಳೆದು ಬಂದ ಕಾರು

ಹಳೆ ಕಾರು ತಪಾಸಣೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಅವರು ಕೇಳುವ ಪ್ರಶ್ನೆ ಒಂದೇ: “ಸಾರ್, ಈ ಮಾಡೆಲ್‌ನಲ್ಲಿ ಯಾವ ವರ್ಷದ್ದು ಒಳ್ಳೇದು, ಯಾವ ವರ್ಷದ್ದು ಮುಟ್ಟಬಾರದು?” ನಾನು ಇಷ್ಟು ವರ್ಷ ಅನ್ನ ತಿಂದದ್ದು ಈ ಪ್ರಶ್ನೆಗೆ ಉತ್ತರ ಹೇಳಿಯೇ. ಹೊಸಕೋಟೆಯಿಂದ ಸೂಲಿಬೆಲೆವರೆಗೆ, ಆ ಕಡೆ ದೇವನಹಳ್ಳಿವರೆಗೆ, ‘ವೆಂಕಟೇಶಣ್ಣನ್ನ ಕೇಳಿ, ವರ್ಷ ಹೇಳ್ತಾರೆ’ ಎಂಬ ಮಾತಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಳಗೊಳಗೇ ಜಂಬ. ಆ ಜಂಬ ಒಬ್ಬ ಹೆಣ್ಣುಮಗಳ ಕಾಲನ್ನೂ ಅವಳ ಗಂಡನ ಮರ್ಯಾದೆಯನ್ನೂ ತೆಗೆಯಿತು. ಅದನ್ನು ಬರೆಯದೆ ಬೇರೆ ಏನು ಬರೆದರೂ ನಿಮಗೆ ಮೋಸ ಮಾಡಿದಂತೆ. ಬಡ್ತಿ, ಶಾಲು, ಹಾರದ ವಿಷಯ ಇದರಲ್ಲಿ ಇಲ್ಲ.

ಕೆಲಸ ಕಲಿತದ್ದು ಹೊಸಕೋಟೆಯಲ್ಲಿ, ಅನ್ವರ್ ಭಾಯಿಯ ಗ್ಯಾರೇಜಿನಲ್ಲಿ. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಬಾನೆಟ್ ಎತ್ತಿ ಒಂದು ಸಲ ಕೈಯಾಡಿಸಿದರೆ ಗಾಡಿ ಯಾವ ವರ್ಷದ್ದು ಎಂದು ಹೇಳುತ್ತಿದ್ದರು. ಹೇಗೆ ಎಂದು ಕೇಳಿದ್ದಕ್ಕೆ, “ಮೊದಲ್ನೇ ವರ್ಷದ ಗಾಡಿ ಅಂದ್ರೆ ಮೊದಲ್ನೇ ದೋಸೆ ಇದ್ದಂಗೆ ಕಣಪ್ಪ. ಕಾವಲಿ ಇನ್ನೂ ಕಾದಿರಲ್ಲ, ಅಂಟ್ಕೊಳ್ಳುತ್ತೆ. ಎಲ್ಲಿ ಅಂಟ್ಕೊಂಡಿದೆ ನೋಡ್ಕೋ, ಸಾಕು” ಎಂದರು.

ಅವರು ಹೇಳಿದ್ದನ್ನು ನಿಮ್ಮ ಭಾಷೆಯಲ್ಲಿ ಹೇಳುತ್ತೇನೆ. ಕಂಪನಿ ಹೊಸ ಮಾದರಿ ಬಿಡುತ್ತದೆ. ಅದರಲ್ಲಿ ಏನೇನು ಎಡವಟ್ಟಿದೆ ಎಂಬುದನ್ನು ಕಂಡುಹಿಡಿಯುವವರು ಮೊದಲ ವರ್ಷ ಕೊಂಡ ಜನ. ದೂರು ಹೋದ ಮೇಲೆ ಕಂಪನಿ ಯಾರಿಗೂ ಹೇಳದೆ ಒಂದು ಕ್ಲಿಪ್ಪನ್ನೋ ವಾಷರನ್ನೋ ಬದಲಾಯಿಸುತ್ತದೆ. ಮಾರನೆಯ ವರ್ಷದ ಗಾಡಿ ಹೊರಗಿನಿಂದ ಅದೇ ಬಣ್ಣ, ಅದೇ ದೀಪ. ಒಳಗೆ ಮಾತ್ರ ಬೇರೆ. ಆ ವ್ಯತ್ಯಾಸ ಗೊತ್ತಾಗುವುದು ಎರಡನ್ನೂ ಬಿಚ್ಚಿದವನಿಗೆ. ನಾನು ಬಿಚ್ಚಿದ್ದನ್ನೆಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಎಡಕ್ಕೆ ಮಾದರಿ, ಮೇಲೆ ವರ್ಷ, ದೋಷ ಸಿಕ್ಕಲ್ಲೆಲ್ಲ ಕೆಂಪು ಚುಕ್ಕೆ. ಚುಕ್ಕೆ ಎಲ್ಲಿ ದಟ್ಟವಾಯಿತೋ ಆ ವರ್ಷದ ಗಾಡಿಗೆ ಹುಷಾರು.

ಅನ್ವರ್ ಭಾಯಿ ತೀರಿಕೊಂಡ ಮೇಲೆ ನಾನು ಹಳೆ ಕಾರು ಕೊಂಡು ಮಾರುವ ಒಂದು ಕಂಪನಿಯ ಯಾರ್ಡಿಗೆ ತಪಾಸಕನಾಗಿ ಸೇರಿದೆ. ಹೆದ್ದಾರಿ ಪಕ್ಕದ ಜಾಗ. ಅಲ್ಲಿನ ಮ್ಯಾನೇಜರ್ ಸತೀಶ್ ಸಾರ್ ಕೆಟ್ಟ ಮನುಷ್ಯರಲ್ಲ, ಗಡಿಯಾರದ ಮನುಷ್ಯ. ಒಂದು ಗಾಡಿಗೆ ನಲವತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷ ಹೆಚ್ಚಾದರೆ ಬಾಗಿಲ ಹತ್ತಿರ ಬಂದು ನಿಂತು ಕೆಮ್ಮುತ್ತಿದ್ದರು. ನನ್ನ ನೋಟ್‌ಬುಕ್ ಅವರಿಗೆ ಇಷ್ಟವಾದದ್ದೇ ಅದಕ್ಕೆ. ವರ್ಷ ಗೊತ್ತಾದರೆ ಎಲ್ಲಿ ಬಿಚ್ಚಬೇಕು ಎಂದು ಗೊತ್ತು, ಎಲ್ಲಿ ಬಿಚ್ಚಬೇಕಿಲ್ಲ ಎಂದೂ ಗೊತ್ತು. ಸಮಯ ಉಳಿಯುತ್ತಿತ್ತು. ‘ಬಿಚ್ಚಬೇಕಿಲ್ಲ’ ಎಂಬ ಆ ಎರಡನೆಯ ಮಾತು ಎಷ್ಟು ಅಪಾಯದ್ದು ಎಂದು ಆಗ ನನಗೆ ಹೊಳೆಯಲಿಲ್ಲ.

ಎಡವಿದ್ದು ಒಂದೆರಡು ಸಲವಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರೊಬ್ಬರು ತಂದ ಕಾರು ನನ್ನ ಲೆಕ್ಕದಲ್ಲಿ ಆ ಮಾದರಿಯ ಅತ್ಯುತ್ತಮ ವರ್ಷದ್ದು. ಕಣ್ಣು ಮುಚ್ಚಿ ಪಾಸು ಮಾಡಿದೆ. ಆ ಪುಣ್ಯಾತ್ಮ ಹಿಂದಿನ ಸೀಟು ಮಡಚಿ ವರ್ಷಗಟ್ಟಲೆ ನೂಲಿನ ಮೂಟೆ ಹೊರಿಸಿದ್ದರಂತೆ, ತಿಂಗಳೊಳಗೆ ಹಿಂದಿನ ಸ್ಪ್ರಿಂಗು ಕುಸಿಯಿತು. ಇನ್ನೊಂದು ಸಲ ತೂಬಗೆರೆಯ ಒಬ್ಬ ಮೇಷ್ಟ್ರಿಗೆ ‘ಮೊದಲ ವರ್ಷದ್ದು ಬೇಡವೇ ಬೇಡ’ ಎಂದು ಹೆದರಿಸಿ ಕಳಿಸಿದೆ. ಅದೇ ಕಾರನ್ನು ಅವರ ಭಾವಮೈದ ಕೊಂಡು ಇವತ್ತಿಗೂ ಓಡಿಸುತ್ತಿದ್ದಾನೆ. ಮೇಷ್ಟ್ರು ಮದುವೆಮನೆಗಳಲ್ಲಿ ಸಿಕ್ಕಾಗ, “ಏನಪ್ಪಾ ಜ್ಯೋತಿಷಿ” ಎಂದು ಕರೆಯುತ್ತಿದ್ದರು. ನಕ್ಕುಬಿಡುತ್ತಿದ್ದೆ. ಇವೆಲ್ಲ ನಕ್ಕು ಮರೆಯುವಂಥ ತಪ್ಪುಗಳು.

ಒಂದು ನಿಯಮವನ್ನು ಮಾತ್ರ ನಾನು ಯಾವತ್ತೂ ಮುರಿದಿರಲಿಲ್ಲ. ನಂಬರ್ ಪ್ಲೇಟು ನೋಡಿ ವರ್ಷ ಹೇಳಬಾರದು. ಗಾಡಿ ನೋಂದಣಿಯಾದ ವರ್ಷ ಬೇರೆ, ಕಾರ್ಖಾನೆಯಲ್ಲಿ ತಯಾರಾದ ವರ್ಷ ಬೇರೆ. ನಮ್ಮ ಕಡೆಯಂತೂ ಈ ಎರಡು ತಾಳೆಯಾಗದಿರುವುದು ಮಾಮೂಲು, ಯಾಕೆಂದರೆ ಶೂನ್ಯಮಾಸದಲ್ಲಿ ಯಾರೂ ಹೊಸ ಗಾಡಿ ಮನೆಗೆ ತರುವುದಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಷೋರೂಮಿನಲ್ಲಿ ನೊಣ ಹೊಡೆಯುತ್ತಿರುತ್ತಾರೆ. ನವೆಂಬರಿನಲ್ಲಿ ತಯಾರಾಗಿ ಬಂದ ಕಾರು ಅಲ್ಲೇ ಧೂಳು ಕುಡಿಯುತ್ತ ನಿಂತಿದ್ದು, ಸಂಕ್ರಾಂತಿ ಕಳೆದ ಮೇಲೆ ಹೊಸ ವರ್ಷದ ನಂಬರಿನೊಂದಿಗೆ ಹೊರಗೆ ಬರುತ್ತದೆ. ಹೆಸರಿಗೆ ಹೊಸ ವರ್ಷದ್ದು, ಒಳಗೆ ಇರುವುದೆಲ್ಲ ಹಳೆ ವರ್ಷದ ಸಾಮಾನು. ಅದಕ್ಕೇ ನಾನು ಆರ್‌ಸಿಯಲ್ಲಿ ತಯಾರಾದ ತಿಂಗಳು ನೋಡುತ್ತಿದ್ದೆ, ಆಮೇಲೆ ಬಗ್ಗಿ, ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಷಾಸಿ ನಂಬರನ್ನೂ ಓದುತ್ತಿದ್ದೆ, ತಯಾರಾದ ವರ್ಷ ತಿಂಗಳು ಅದರ ಅಕ್ಷರಗಳಲ್ಲೇ ಅಡಗಿರುತ್ತದೆ. ಡಾಕ್ಟರು ತಂದರೂ ಅಷ್ಟೆ, ಪೊಲೀಸಿನವರು ತಂದರೂ ಅಷ್ಟೆ.

ಮುನಿರಾಜು ತಂದಾಗ ನೋಡಲಿಲ್ಲ.

ಮುನಿರಾಜು ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು, ಹೊಸಕೋಟೆಯಲ್ಲಿ ದಿನಸಿ ಅಂಗಡಿ ಇಟ್ಟವನು. ಅವನು ಆ ಕಾರನ್ನು ಹೊಸದಾಗಿ ಕೊಂಡ ದಿನ ಪೂಜೆಗೆ ನಾನೂ ಹೋಗಿದ್ದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ನಾನೇ. ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು, ಅವರ ತಾಯಿ ಎಳ್ಳು ಬೆಲ್ಲದ ಪೊಟ್ಟಣ ಕೊಟ್ಟದ್ದೂ ನೆನಪಿದೆ. ಐದು ವರ್ಷ ಆದ ಮೇಲೆ ಅವನು ದೊಡ್ಡ ಗಾಡಿ ಕೊಳ್ಳಲು ಇದನ್ನು ಮಾರುವುದಾಗಿ ಹೇಳಿ ನಮ್ಮ ಯಾರ್ಡಿಗೇ ತಂದ. ಕೊಳ್ಳಲು ಬಂದವರು ಸೂಲಿಬೆಲೆ ಹತ್ತಿರದ ಹಳ್ಳಿಯ ಕೃಷ್ಣಪ್ಪ, ರತ್ನಮ್ಮ ದಂಪತಿ. ಕೃಷ್ಣಪ್ಪ ಒಂದು ಖಾಸಗಿ ಶಾಲೆಯ ಬಸ್ಸಿನ ಡ್ರೈವರ್. ರತ್ನಮ್ಮ ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು.

ಕೃಷ್ಣಪ್ಪ ಗಾಡಿ ಸುತ್ತ ಒಂದು ಸುತ್ತು ಬಂದು, “ಅಣ್ಣಾ, ನಾನು ಓಡ್ಸೋನೇ ಹೊರ್ತು ಒಳಗಿಂದು ನಂಗೆ ಗೊತ್ತಾಗಲ್ಲ. ಈ ಮಾಡೆಲ್‌ದು ಹಳೇ ವರ್ಷದ್ರಲ್ಲಿ ಬ್ರೇಕ್ ತೊಂದ್ರೆ ಐತೆ ಅಂತ ಯಾರೋ ಅಂದ್ರು. ಇದು ಯಾವ ವರ್ಷದ್ದು?” ಎಂದು ಕೇಳಿದರು.

ಸರಿಯಾದ ಪ್ರಶ್ನೆ. ಆ ಮಾದರಿಯ ಹಳೆ ವರ್ಷದ ಗಾಡಿಗಳಲ್ಲಿ ನನ್ನ ನೋಟ್‌ಬುಕ್ಕಿನ ಕೆಂಪು ಚುಕ್ಕೆಗಳು ಇರುವೆ ಸಾಲಿನಂತಿದ್ದವು. ಇಂಜಿನ್ನಿನಿಂದ ಬ್ರೇಕಿಗೆ ಗಾಳಿಯ ಬಲ ಕೊಡುವ ಒಂದು ರಬ್ಬರ್ ಪೈಪು ಕಬ್ಬಿಣದ ತುಂಡಿಗೆ ಉಜ್ಜುತ್ತ ಉಜ್ಜುತ್ತ ಸವೆಯುತ್ತಿತ್ತು. ನಾಲ್ಕೈದು ವರ್ಷಕ್ಕೆ ಸೀಳು. ಸೀಳಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದು ಕಷ್ಟ. ಹೊಸ ವರ್ಷದಿಂದ ಕಂಪನಿ ಪೈಪಿಗೆ ಕ್ಲಿಪ್ಪು ಹಾಕಿ ಪಕ್ಕಕ್ಕೆ ಸರಿಸಿತ್ತು. ಆ ಪೈಪು ನೋಡಬೇಕಾದರೆ ಏರ್ ಫಿಲ್ಟರ್ ಡಬ್ಬ ಬಿಚ್ಚಬೇಕು, ಹತ್ತು ನಿಮಿಷದ ಕೆಲಸ.

“ಇದು ಹೊಸ ವರ್ಷದ್ದು ಕೃಷ್ಣಪ್ಪ. ನಾನೇ ಪೂಜೆಲಿ ಇದ್ದೆ. ಆ ತೊಂದ್ರೆ ಇದ್ರಲ್ಲಿ ಬರಲ್ಲ, ಧೈರ್ಯವಾಗಿ ತಗೊಳ್ಳಿ” ಎಂದೆ. ಆರ್‌ಸಿ ಮುನಿರಾಜುವಿನ ಕೈಯಲ್ಲೇ ಇತ್ತು. ನಾನು ಕೈ ಚಾಚಲಿಲ್ಲ. ಡಬ್ಬವನ್ನೂ ಬಿಚ್ಚಲಿಲ್ಲ.

ರತ್ನಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು, “ಒಂದ್ಸಲ ಬಿಚ್ಚೇ ನೋಡ್ಬಿಡಿ ಅಣ್ಣಾ, ಹೊತ್ತಾದ್ರೆ ಆಗ್ಲಿ” ಎಂದರು. ಮುನಿರಾಜು ನಕ್ಕು, “ಅಮ್ಮಾ, ವೆಂಕಟೇಶ ಬಾಯಲ್ಲಿ ಹೇಳಿದ್ರೆ ಬಿಚ್ಚಿ ನೋಡ್ದಂಗೇ” ಎಂದ. ನಾನೂ ನಕ್ಕೆ.

ಎಂಟು ತಿಂಗಳ ನಂತರ, ಮಧ್ಯಾಹ್ನ, ಕೆರೆ ಏರಿಯಿಂದ ಇಳಿಯುವ ತಿರುವಿನಲ್ಲಿ ಆ ಕಾರು ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಹೋಗಿ ಬಡಿಯಿತು. ಕೃಷ್ಣಪ್ಪನಿಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ರತ್ನಮ್ಮನ ಬಲಗಾಲು ಎರಡು ಕಡೆ ಮುರಿದು, ರಾಡು ಹಾಕಿ, ಆಮೇಲೂ ನೆಟ್ಟಗಾಗಲಿಲ್ಲ. ಆಸ್ಪತ್ರೆಗೆ ನೋಡಲು ಹೋದಾಗ ಕೃಷ್ಣಪ್ಪ ನನ್ನ ಕೈ ಹಿಡಿದುಕೊಂಡು, “ತುಳಿದೆ ಅಣ್ಣಾ. ಎರಡೂ ಕಾಲಲ್ಲಿ ತುಳಿದೆ. ಪೆಡಲ್ ಕಲ್ಲಾಗೋಗಿತ್ತು. ಯಾರೂ ನಂಬ್ತಿಲ್ಲ” ಎಂದರು. ಪೆಡಲ್ ಕಲ್ಲು ಎಂದಕೂಡಲೇ ಆ ರಬ್ಬರ್ ಪೈಪು ನನ್ನ ಕಣ್ಣಮುಂದೆ ಬಂತು.

ನಜ್ಜುಗುಜ್ಜಾದ ಕಾರನ್ನು ಹೊಸಕೋಟೆಯ ಒಂದು ಶೆಡ್ಡಿನಲ್ಲಿ ತಂದು ನಿಲ್ಲಿಸಿದ್ದರು. ವಿಮೆಯವರ ಕಡೆಯಿಂದ ಬಂದವರು ಮುಂಭಾಗವೆಲ್ಲ ಪುಡಿಯಾಗಿದೆ, ಪೈಪುಗಳು ಹರಿದದ್ದು ಡಿಕ್ಕಿಯಿಂದಲೇ ಎಂದು ಫೋಟೊ ತೆಗೆದುಕೊಂಡು ಹೋಗಿದ್ದರು. ನಾನು ಒಬ್ಬನೇ ಹೋಗಿ ಡಬ್ಬದ ಚೂರುಗಳನ್ನು ಸರಿಸಿ ನೋಡಿದೆ. ಡಿಕ್ಕಿಯಲ್ಲಿ ಹರಿದ ರಬ್ಬರಿನ ಅಂಚು ಒರಟಾಗಿರುತ್ತದೆ. ಇದರ ಅಂಚು ನುಣ್ಣಗೆ, ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಕ್ಲಿಪ್ಪು ಇರಲಿಲ್ಲ, ಕ್ಲಿಪ್ಪಿಗೆ ಮಾಡಿದ ತೂತೂ ಇರಲಿಲ್ಲ. ಆಮೇಲೆ ಷಾಸಿ ನಂಬರಿನ ಮೇಲಿನ ಧೂಳು ಒರೆಸಿ ಓದಿದೆ. ಹಳೆ ವರ್ಷದ ನವೆಂಬರ್.

ಆಗ ಎಲ್ಲ ನೆನಪಾಯಿತು. ಕಾರು ಡಿಸೆಂಬರಿಗೆ ಮೊದಲೇ ಷೋರೂಮಿಗೆ ಬಂದಿತ್ತು. ಶೂನ್ಯಮಾಸದಲ್ಲಿ ಬೇಡ ಎಂದು ಮುನಿರಾಜುವಿನ ತಾಯಿ ಹಟ ಹಿಡಿದಿದ್ದರು. ‘ಅಮ್ಮ ಹೇಳ್ದಂಗೇ ಮಾಡೋ, ಹೊಸ ವರ್ಷದ ನಂಬರ್ ಬೀಳುತ್ತೆ, ಮಾರೋವಾಗ ಅನುಕೂಲ’ ಎಂದು ಬುದ್ಧಿ ಹೇಳಿದವನು ನಾನೇ. ಊರಿನವರ ಗಾಡಿಗಳಲ್ಲೆಲ್ಲ ಈ ಮೋಸ ಹುಡುಕಿದವನು ಗೆಳೆಯನ ಗಾಡಿಗೆ ಆ ಪೂಜೆಯ ದಿನವನ್ನೇ ಸಾಕ್ಷಿ ಎಂದುಕೊಂಡೆ. ಆ ಶೆಡ್ಡಿನಲ್ಲಿ ಟೈರಿನ ಮೇಲೆ ಕೂತು ಅತ್ತೆ.

ಅತ್ತವನು ಎದ್ದು ನೇರ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲಿಲ್ಲ. ಅದೇ ಸಂಜೆ ಮುನಿರಾಜು ಅಂಗಡಿಯಲ್ಲಿ ನಾಲ್ಕು ಜನರೆದುರು ಕೇಳಿದ: “ಲೋ, ಗಾಡಿಲಿ ಏನೂ ತೊಂದ್ರೆ ಇರಲಿಲ್ಲ ಅಲ್ವೇನೋ? ನೀನೇ ನೋಡಿದ್ದೆ.” ನಾನು, “ಹೂಂ ಕಣೋ, ಗಾಡಿ ಚೆನ್ನಾಗೇ ಇತ್ತು” ಎಂದೆ. ಒಂದು ವಾಕ್ಯ. ಅದು ನನಗಿಂತ ಮೊದಲು ಸೂಲಿಬೆಲೆ ತಲುಪಿತು. ವೆಂಕಟೇಶಣ್ಣನೇ ಗಾಡಿ ಸರಿಯಿತ್ತು ಅಂದರಂತೆ, ಹಾಗಾದರೆ ಇವನು ನಿದ್ದೆ ಮಾಡಿರಬೇಕು, ಇಲ್ಲ ಫೋನಿನಲ್ಲಿರಬೇಕು ಎಂದು ಜನ ತೀರ್ಮಾನಿಸಿದರು. ಹೆಂಡತಿ ಕಾಲು ಮುರಿದವನ ಬಸ್ಸಿನಲ್ಲಿ ಮಕ್ಕಳನ್ನು ಹೇಗೆ ಕಳಿಸುವುದು ಎಂದು ತಂದೆ ತಾಯಂದಿರು ಕೇಳಿದರು. ಶಾಲೆಯವರು ಕೃಷ್ಣಪ್ಪನನ್ನು ಕೆಲಸದಿಂದ ಬಿಡಿಸಿದರು. ಹದಿನೇಳು ವರ್ಷ ಒಂದು ಗೀರೂ ಬೀಳದ ಹಾಗೆ ಬಸ್ಸು ಓಡಿಸಿದ ಮನುಷ್ಯ ಮನೆಯಲ್ಲಿ ಕೂತ.

ನಾನು ಮಾಡಿದ್ದಿಷ್ಟು. ಸತೀಶ್ ಸಾರ್ ಹತ್ತಿರ ಹೋಗಿ, ಸಂಕ್ರಾಂತಿ ಆದ ಮೇಲೆ ನೋಂದಣಿಯಾದ ಆ ಮಾದರಿಯ ಗಾಡಿಗಳನ್ನು ನಮ್ಮಿಂದ ಕೊಂಡವರಿಗೆಲ್ಲ ಫೋನ್ ಮಾಡೋಣ ಎಂದೆ. ಕೃಷ್ಣಪ್ಪನ ವಿಷಯ ಹೇಳಲಿಲ್ಲ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ವೆಂಕಟೇಶ್, ನಾವಾಗೇ ಫೋನ್ ಮಾಡಿದ್ರೆ ತಪ್ಪು ನಮ್ದೇ ಅಂತ ಒಪ್ಕೊಂಡಂಗೆ. ಇನ್ಮುಂದೆ ಬರೋದನ್ನ ಸರಿಯಾಗಿ ನೋಡಿ, ಸಾಕು” ಎಂದರು. ನಾನು ಸರಿ ಸಾರ್ ಎಂದು ಹೊರಬಂದೆ. ನಿಜ ಹೇಳಬೇಕೆಂದರೆ, ಅವರು ಬೇಡ ಎಂದದ್ದು ನನಗೆ ಸಮಾಧಾನವೇ ಆಯಿತು. ಆಮೇಲೆ ನಿವೃತ್ತಿಯವರೆಗೆ ಯಾವ ವರ್ಷದ ಗಾಡಿ ಬಂದರೂ ಡಬ್ಬ ಬಿಚ್ಚುತ್ತಿದ್ದೆ, ಬಾಗಿಲಲ್ಲಿ ಕೆಮ್ಮಿದರೂ ಬಿಚ್ಚುತ್ತಿದ್ದೆ. ಸವೆದ ಪೈಪುಗಳು ಕೆಲವು ಸಿಕ್ಕವು, ಬದಲಾಯಿಸಿದೆ. ಅದರಿಂದ ಕೃಷ್ಣಪ್ಪನಿಗೆ ಏನೂ ದಕ್ಕಲಿಲ್ಲ.

ಅಷ್ಟರಲ್ಲಿ ಕೆಲಸದ ರೀತಿ ಬದಲಾಯಿತು. ಕೈಗೆ ಟ್ಯಾಬ್ ಬಂತು. ನನ್ನ ನೋಟ್‌ಬುಕ್ಕುಗಳನ್ನು ಕಂಪನಿಯವರು ಕೇಳಿ ಪಡೆದು ಕಂಪ್ಯೂಟರಿಗೆ ಏರಿಸಿದರು. ನಿವೃತ್ತಿಯಾಗಿ ಎರಡು ವರ್ಷದ ಮೇಲೆ, ಹೋದ ಆಷಾಢದಲ್ಲಿ, ಹೊಸದಾಗಿ ಸೇರಿದ ದೀಪಕ್ ಎಂಬಾತ ಮನೆಗೆ ಬಂದು ಖುಷಿಯಿಂದ ತೋರಿಸಿದ: “ನೋಡಿ ಸಾರ್, ಎಲ್ಲಾ ನಿಮ್ದೇ. ಗಾಡಿ ನಂಬರ್ ಹಾಕಿದ್ರೆ ಸಾಕು, ಯಾವ ವರ್ಷ ರಿಸ್ಕ್ ಎಷ್ಟು ಅಂತ ಬಂದ್ಬಿಡುತ್ತೆ.”

ಆ ಮಾದರಿಯ, ಆ ಜನವರಿಯಲ್ಲಿ ನೋಂದಣಿಯಾದ ಒಂದು ಗಾಡಿಯ ನಂಬರು ಹಾಕಿಸಿದೆ. ಪರದೆ ಹಸಿರಾಯಿತು. ‘ಬ್ರೇಕ್: ಬಿಚ್ಚುವ ಅಗತ್ಯವಿಲ್ಲ.’ ಅದು ಲೆಕ್ಕ ಹಾಕುತ್ತಿದ್ದದ್ದು ನೋಂದಣಿಯ ವರ್ಷದಿಂದ. ನಾನು ಒಂದು ಮಧ್ಯಾಹ್ನ ಮಾಡಿದ ತಪ್ಪನ್ನು ಅದು ದಿನವೂ, ಊರೂರಲ್ಲೂ ಮಾಡುತ್ತಿತ್ತು.

“ತಯಾರಾದ ತಿಂಗಳು ನೋಡಲ್ವೇನಪ್ಪಾ ಇದು?”

“ಇಲ್ಲ ಸಾರ್. ಹೇಳಿದ್ದೀವಿ, ಮುಂದಿನ ಅಪ್‌ಡೇಟ್‌ನಲ್ಲಿ ಮಾಡ್ತಾರಂತೆ.”

“ಅಲ್ಲಿವರೆಗೂ?”

ಅವನು ಟ್ಯಾಬ್ ಮುಚ್ಚಿ ಚೀಲಕ್ಕೆ ಹಾಕಿಕೊಂಡ. ಆ ಕಂಪನಿಗೆ ಮೂರು ಪತ್ರ ಬರೆದಿದ್ದೇನೆ. ನಿಮ್ಮ ಸಲಹೆಗೆ ಧನ್ಯವಾದ ಎಂದು ಮೂರಕ್ಕೂ ಒಂದೇ ಉತ್ತರ ಬಂತು. ಇವತ್ತಿಗೂ ಅದು ಹಸಿರೇ ತೋರಿಸುತ್ತಿದೆ.

ದೀಪಕ್ ಹೋದ ಮಾರನೆಯ ದಿನ ಸೂಲಿಬೆಲೆ ಬಸ್ಸು ಹತ್ತಿದೆ. ಅಪಘಾತವಾಗಿ ಏಳು ವರ್ಷವಾಗಿತ್ತು. ಮನೆ ಬಾಗಿಲಲ್ಲಿ ರತ್ನಮ್ಮ ಕೋಲು ಊರಿಕೊಂಡು ನಿಂತಿದ್ದರು. ಕೃಷ್ಣಪ್ಪ ಇದ್ದಾರಾ ಎಂದು ಕೇಳಿದೆ.

“ನಿಮಗೆ ಗೊತ್ತಾಗ್ಲಿಲ್ವಾ ಅಣ್ಣಾ? ಹೋಗಿ ಹತ್ತು ತಿಂಗಳಾಯ್ತು. ಎದೆನೋವು ಅಂದ್ರು, ಆಸ್ಪತ್ರೆ ತಲುಪಲಿಲ್ಲ.”

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಅವರು ನೀರು ತಂದುಕೊಟ್ಟರು. ಆ ಕಾಲೆಳೆದುಕೊಂಡು ಒಳಗೆ ಹೋಗಿ ತಂದ ನೀರು, ಕುಡಿಯಲಾಗಲಿಲ್ಲ. ಹಾಗೇ ಲೋಟ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ನವೆಂಬರ್, ಶೂನ್ಯಮಾಸ, ನುಣ್ಣಗಿದ್ದ ಪೈಪಿನ ಅಂಚು, ಮುನಿರಾಜುವಿನ ಅಂಗಡಿಯಲ್ಲಿ ಆಡಿದ ಮಾತು. ಮುಗಿದ ಮೇಲೆ ಅವರು ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟರು.

“ನಾನು ಡೇರಿಲಿ ನಮ್ಮತ್ತೆ ಹಾಲು ತಂದ್ರೂ ಮೆಷಿನ್‌ಗೆ ಹಾಕೇ ಚೀಟಿ ಕೊಡೋದು” ಎಂದರು. ಕೋಪವಿಲ್ಲದ ದನಿ. “ಅವತ್ತು ಬಿಚ್ಚಿ ನೋಡಿ ಅಂದೆ ನಾನು.”

“ಅಂದ್ರಿ ಅಮ್ಮಾ.”

“ಅದು ಹೋಗ್ಲಿ, ಕಾಲು ಹೋಯ್ತು. ಅವರು ಸಾಯೋವರ್ಗೂ ಒಂದೇ ಹೇಳ್ತಿದ್ರು. ತುಳಿದೆ ಕಣೇ, ಎರಡೂ ಕಾಲಲ್ಲಿ ತುಳಿದೆ ಅಂತ. ಊಟಕ್ಕೆ ಕೂತಾಗ್ಲೂ ಹೇಳೋರು. ಊರೋರು ನಂಬದಿದ್ರೆ ಬಿಡಿ. ನಾನೂ ನಂಬಲಿಲ್ಲ. ಸಾಕು ಸುಮ್ನಿರಿ, ವೆಂಕಟೇಶಣ್ಣನೇ ಗಾಡಿ ಸರಿಯಿತ್ತು ಅಂದವ್ರೆ ಅಂತಿದ್ದೆ. ಆಮೇಲಾಮೇಲೆ ಅವರು ಹೇಳೋದು ನಿಲ್ಲಿಸ್ಬಿಟ್ರು.”

ನಾನು ಕ್ಷಮೆ ಎಂಬ ಮಾತು ತೆಗೆದೆ. ಅವರು ಕೈಯೆತ್ತಿ ತಡೆದರು. “ನಂಗ್ಯಾಕೆ ಹೇಳ್ತೀರಿ? ಐದು ಗಂಟೆಗೆ ಡೇರಿ ತೆಗೀತೀನಿ. ಹಾಲು ಹಾಕೋಕೆ ಊರೆಲ್ಲ ಬರುತ್ತೆ. ಅಲ್ಲಿ ಹೇಳಿ.”

ಐದು ಗಂಟೆಗೆ ಹೋದೆ. ಕ್ಯಾನು, ಬಕೆಟ್ಟು, ತಂಬಿಗೆ ಹಿಡಿದು ಮೂವತ್ತು ನಲವತ್ತು ಜನ ಸಾಲು ನಿಂತಿದ್ದರು. ರತ್ನಮ್ಮ ಬಲಗಾಲನ್ನು ಒಂದು ಸ್ಟೂಲಿನ ಮೇಲೆ ಚಾಚಿಕೊಂಡು ಮೆಷಿನ್ನಿನ ಮುಂದೆ ಕೂತಿದ್ದರು. ನಾನು ಗೋಡೆ ಹತ್ತಿರ ನಿಂತು, ಕೃಷ್ಣಪ್ಪನದು ಏನೂ ತಪ್ಪಿರಲಿಲ್ಲ, ಗಾಡಿಯ ಬ್ರೇಕ್ ಕೆಟ್ಟಿತ್ತು, ನೋಡದೆ ಪಾಸು ಮಾಡಿದವನು ನಾನು, ಗೊತ್ತಾದ ಮೇಲೂ ಸುಳ್ಳು ಹೇಳಿದವನು ನಾನು ಎಂದು ಹೇಳಿದೆ. ಹಿಂದಿದ್ದವರು ಕೇಳಿಸಲಿಲ್ಲ ಎಂದರು, ಇನ್ನೊಂದು ಸಲ ಹೇಳಿದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಬ್ಬ ಮುದುಕರು ಮಾತ್ರ, “ಪಾಪ, ಅವನು ಹೇಳ್ತಾನೇ ಇದ್ದ” ಎಂದು ಪಕ್ಕದವರಿಗೆ ಹೇಳಿದರು. ನನ್ನ ಮಗನ್ನ ಅವನ ಬಸ್ಸಿನಿಂದ ಬಿಡಿಸಿದೆವಲ್ಲ ಎಂದು ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಲು ಕದಲದೆ ಹಾಗೇ ನಿಂತಿತ್ತು, ಹಾಲಿನ ಮೇಲೆ ನೊಣಗಳು ಕೂರುತ್ತಿದ್ದವು. ರತ್ನಮ್ಮ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಮಾದರಿ ಹಾಲನ್ನು ಮೆಷಿನ್ನಿಗೆ ಹಿಡಿದು, ಅಂಕಿ ಬರುವವರೆಗೂ ಕಾದು, ಓದಿಕೊಂಡು, ಚೀಟಿ ಹರಿದುಕೊಟ್ಟು, “ಮುಂದಿನೋರು ಬನ್ನಿ” ಎಂದರು.